ಕ್ವಿಬೆಕ್‌ನ ಟ್ರಾಂಬ್ಲೆಗಳೆಲ್ಲ ಒಂದೇ ಮನೆತನದವರೇ?

ನಿಮ್ಮ ಮಾಂಟ್ರಿಯಲ್ ಕಚೇರಿಯಲ್ಲಿ ಮೂವರು ಟ್ರಾಂಬ್ಲೆಗಳಿದ್ದಾರೆ, ಮೂವರೂ ತಾವು ಸಂಬಂಧಿಕರಲ್ಲ ಎನ್ನುತ್ತಾರೆ, ಹಾಗಾದರೆ ಈ ಹೆಸರು ಇಷ್ಟೊಂದು ಹರಡಿದ್ದು ಹೇಗೆ ಎಂದು ಕೇಳಿದ್ದೀರಿ. ಅವರು ಹೆಚ್ಚುಕಡಿಮೆ ಖಂಡಿತವಾಗಿ ಸಂಬಂಧಿಕರೇ. ಹತ್ತು ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ಮೂವರ ವಂಶಾವಳಿಯೂ ಒಂದೇ ದಂಪತಿಯ ಬಳಿ ಹೋಗಿ ಸೇರುತ್ತದೆ. ಕೆನಡಾದ ಈ ಪ್ರಾಂತ್ಯದಲ್ಲಿ ನೆಲೆಸಿದ ಮೇಲೆ ಇಲ್ಲಿನ ವಂಶಾವಳಿಗಳ ಬಗ್ಗೆ ನನಗೆ ಹುಟ್ಟಿದ ಆಸಕ್ತಿ ಇನ್ನೂ ತಣಿದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಸರಿನ ಮೂಲ ಸರಳ. ಸಣ್ಣ ಗಾಳಿಗೂ ಎಲೆ ನಡುಗಿಸುವ ಆಸ್ಪೆನ್ ಮರಕ್ಕೆ ಫ್ರೆಂಚರು ಟ್ರಾಂಬ್ಲ್ ಎನ್ನುತ್ತಾರೆ. ಆ ಮರಗಳ ತೋಪು ಇದ್ದ ಜಾಗಗಳು ಟ್ರಾಂಬ್ಲೆ ಎನಿಸಿಕೊಂಡವು, ಅಂಥ ಊರುಗಳಿಂದ ಬಂದವರಿಗೆ ಊರಿನ ಹೆಸರೇ ಅಂಟಿಕೊಂಡಿತು. ಫ್ರಾನ್ಸಿನಲ್ಲಿ ಈ ಹೆಸರಿನ ಊರುಗಳು ಹಲವು ಇರುವುದರಿಂದ ಅಲ್ಲಿನ ಟ್ರಾಂಬ್ಲೆಗಳು ಒಂದೇ ಮೂಲದವರಾಗಬೇಕಿಲ್ಲ. ಉತ್ತರ ಅಮೆರಿಕದ ಕಥೆ ಬೇರೆ.

ನಾರ್ಮಂಡಿಯ ಅಂಚಿನಲ್ಲಿರುವ ಪೆರ್ಶ್ ಸೀಮೆಯ ರಾಂದೊನೆ ಎಂಬ ಹಳ್ಳಿಯ ಪಿಯೆರ್ ಟ್ರಾಂಬ್ಲೆ 1647ರಲ್ಲಿ ಕೂಲಿಯಾಳಾಗಿ ಹಡಗು ಹತ್ತಿ, ಆಗ ಫ್ರೆಂಚ್ ವಸಾಹತಾಗಿದ್ದ ಕ್ವಿಬೆಕ್‌ಗೆ ಬಂದ. ಆ ಕಾಲದಲ್ಲಿ ಪೆರ್ಶ್‌ನಿಂದ ಹೊರಟವರು ಒಟ್ಟು ಕೆಲವು ನೂರು ಜನ ಮಾತ್ರ. ವಸಾಹತಿನಲ್ಲಿ ಮದುವೆಯ ವಯಸ್ಸಿನ ಹೆಣ್ಣುಗಳು ತೀರಾ ಕಡಿಮೆ. ಫ್ರಾನ್ಸಿನ ದೊರೆಯ ಖರ್ಚಿನಲ್ಲಿ ತರುಣಿಯರನ್ನು ಕಳಿಸುವ ವ್ಯವಸ್ಥೆ ಶುರುವಾದದ್ದು 1663ರಲ್ಲಿ. ಅದಕ್ಕೂ ಮೊದಲೇ ಫ್ರಾನ್ಸಿನ ಬಂದರು ಪಟ್ಟಣ ಲಾ ರೋಶೆಲ್ ಕಡೆಯಿಂದ ಬಂದಿದ್ದ ಓಜಾನ್ ಆಶೊಂಳನ್ನು ಪಿಯೆರ್ 1657ರ ಅಕ್ಟೋಬರ್ 2ರಂದು ಮದುವೆಯಾದ. ಅವರಿಗೆ 12 ಮಕ್ಕಳು. ನಾಲ್ವರು ಗಂಡುಮಕ್ಕಳ ಸಂಸಾರಗಳಿಂದ ಹೆಸರು ಮುಂದುವರಿಯಿತು.

ಇಲ್ಲಿಂದ ಮುಂದೆ ಭೂಗೋಳದ ಪಾತ್ರ ದೊಡ್ಡದು. ಹಿರಿಯ ಮಗ ಸೇಂಟ್ ಲಾರೆನ್ಸ್ ನದಿಯ ದಡದ ಶಾರ್ಲ್‌ವ್ವಾ ಸೀಮೆಯಲ್ಲಿ ಜಹಗೀರು ಪಡೆದ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಳೆ. ಹೊರಗಿನವರು ಬಂದು ನೆಲೆಸುವುದು ಅಪರೂಪ. 1763ರಲ್ಲಿ ಬ್ರಿಟಿಷರ ಕೈಸೇರಿದಾಗ ಇಡೀ ಫ್ರೆಂಚ್ ಕೆನಡಾದಲ್ಲಿದ್ದವರು ಸುಮಾರು 70,000 ಜನ. ಫ್ರಾನ್ಸಿನಿಂದ ವಲಸೆ ಬಹುತೇಕ ನಿಂತುಹೋದ ಮೇಲೆ ಜನಸಂಖ್ಯೆ ಬೆಳೆದದ್ದು ಹೆರಿಗೆಗಳಿಂದಲೇ. ಭೂಮಿ ಸಾಲದಾದಾಗ 1838ರಲ್ಲಿ ಶಾರ್ಲ್‌ವ್ವಾದ ಲಾ ಮಾಲ್ಬೇಯಿಂದ ಹೊರಟ 'ಇಪ್ಪತ್ತೊಂದು ಮಂದಿಯ ಸಂಘ' ಉತ್ತರದ ಸಾಗನೆ ಕಣಿವೆಯಲ್ಲಿ ಪೈನ್ ಮರ ಕಡಿಯಲು ಇಳಿಯಿತು. ಅವರಲ್ಲೂ ಹಲವರು ಟ್ರಾಂಬ್ಲೆಗಳೇ. ಮುಂದಾಳು ಅಲೆಕ್ಸಿಸ್ ಟ್ರಾಂಬ್ಲೆಯನ್ನು ಜನ 'ಪಿಕೋಟೆ', ಅಂದರೆ ಕಲೆಗಳ ಮುಖದವನು, ಎಂದು ಗುರುತಿಸುತ್ತಿದ್ದರು. ಊರೆಲ್ಲ ಒಂದೇ ಹೆಸರಾದಾಗ ಅಡ್ಡಹೆಸರಿಲ್ಲದೆ ಬದುಕುವುದು ಸಾಧ್ಯವಿರಲಿಲ್ಲ. ಇಂದು ಕ್ವಿಬೆಕ್‌ನಲ್ಲಿ ನೂರಕ್ಕೆ ಸುಮಾರು ಒಬ್ಬರು ಟ್ರಾಂಬ್ಲೆ. ಸಾಗನೆಯಲ್ಲಿ ಅದರ ಹಲವು ಪಟ್ಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದತ್ತ ಹೋದ ಕವಲುಗಳು ಅಲ್ಲಿ ಟ್ರಾಂಬ್ಲಿ ಆದವು.

ಆದರೆ ಇದನ್ನೆಲ್ಲ ಪಿಯೆರ್‌ನ ಸಾಧನೆ ಎಂದು ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಪೆರ್ಶ್‌ನಿಂದಲೇ ಬಂದ ಝಕಾರಿ ಕ್ಲೂತಿಯೆ ಎಂಬ ಬಡಗಿಯನ್ನು ನೋಡಿ. 1800ಕ್ಕೆ ಮೊದಲು ಮದುವೆಯಾದ ಅವನ ವಂಶಸ್ಥರು ಹತ್ತು ಸಾವಿರಕ್ಕೂ ಹೆಚ್ಚು; ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ ಅವನೇ ಮೊದಲಿಗ. ಆದರೂ ಕ್ಲೂತಿಯೆ ಹೆಸರಿನವರು ಟ್ರಾಂಬ್ಲೆಗಳಷ್ಟಿಲ್ಲ. ಹೆಣ್ಣುಮಕ್ಕಳ ಮೂಲಕ ಹರಿದ ವಂಶ ಹೆಸರಿನ ಎಣಿಕೆಗೆ ಸಿಗುವುದಿಲ್ಲ, ಅಷ್ಟೇ. ಓಜಾನ್ ಕೂಡ ಪ್ರತಿಯೊಬ್ಬ ಟ್ರಾಂಬ್ಲೆಯ ಅಜ್ಜಿಯೇ, ಆಶೊಂ ಎಂಬ ಅವಳ ಹೆಸರನ್ನು ಮಾತ್ರ ಅವರಲ್ಲಿ ಯಾರೂ ಹೊತ್ತಿಲ್ಲ.

ಸಹೋದ್ಯೋಗಿಗಳು ನಂಬದಿದ್ದರೆ ಪರೀಕ್ಷಿಸುವ ದಾರಿಯಿದೆ. ಅಜ್ಜ ಅಜ್ಜಿ ಯಾವ ಊರಿನ ಚರ್ಚಿನಲ್ಲಿ, ಯಾವಾಗ ಮದುವೆಯಾದರು ಎಂದು ಮನೆಯ ಹಿರಿಯರನ್ನು ಕೇಳಲು ಹೇಳಿ. ಇಲ್ಲಿನ ಕ್ಯಾಥೊಲಿಕ್ ಮದುವೆ ದಾಖಲೆಗಳಲ್ಲಿ ಸಾಮಾನ್ಯವಾಗಿ ವಧು ವರ ಇಬ್ಬರ ತಂದೆತಾಯಿಗಳ ಹೆಸರೂ ಇರುತ್ತದೆ, ತಾಯಂದಿರದು ತವರಿನ ಹೆಸರು. ಅದನ್ನು ಹಿಡಿದು ಹಿಂದಿನ ಮದುವೆ, ಅಲ್ಲಿಂದ ಅದರ ಹಿಂದಿನದು. ಮೂವರೂ ತಮ್ಮ ಪಟ್ಟಿ ತಂದು ಪಕ್ಕಪಕ್ಕ ಇಟ್ಟರೆ ಯಾವ ತಲೆಮಾರಿನಲ್ಲಿ ಕವಲೊಡೆದಿದ್ದಾರೆ ಎಂಬುದು ಕಾಣುತ್ತದೆ. 1657ಕ್ಕಿಂತ ಬಹಳ ಈಚೆಗೇ ಅವರು ಒಂದಾಗುವ ಸಾಧ್ಯತೆಯೂ ಇದೆ.