ವಾಸ್ತುಶಿಲ್ಪದ ನಕ್ಷೆಗಳಲ್ಲಿ ಪಾರದರ್ಶಕತೆಯನ್ನು ಯಾವಾಗ ಬಳಸಬೇಕು?

ಮುಂದಿರುವುದನ್ನು ಅಳಿಸದೆಯೇ ಹಿಂದಿರುವುದನ್ನು ತೋರಿಸಬೇಕಾದಾಗ ಮಾತ್ರ ಬಳಸಬೇಕು. ಚಾವಣಿಯನ್ನು ಅರೆಪಾರದರ್ಶಕವಾಗಿಸಿದ ಆಕ್ಸೊನೊಮೆಟ್ರಿಕ್ ಚಿತ್ರವು (ಉದ್ದ, ಅಗಲ, ಎತ್ತರ ಮೂರನ್ನೂ ಒಟ್ಟಿಗೆ ಓರೆಯಾಗಿ ತೋರಿಸುವ ಚಿತ್ರ) ಕಟ್ಟಡದ ಹೊರ ಆಕಾರವನ್ನೂ ಒಳಗಿನ ಕೋಣೆ, ಮೆಟ್ಟಿಲುಗಳ ಜೋಡಣೆಯನ್ನೂ ಒಂದೇ ನೋಟದಲ್ಲಿ ಕಾಣಿಸುತ್ತದೆ. ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದಿರಿಸಿ, ಮಹಡಿಯಿಂದ ಮಹಡಿಗೆ ಗೋಡೆ, ಕಂಬಗಳು ಸರಿಹೊಂದುತ್ತವೆಯೇ ಎಂದು ಪರಿಶೀಲಿಸುತ್ತಿದ್ದುದೂ ಈ ಗುಣದ ಬಲದಿಂದಲೇ. ಆದರೆ ನಿರ್ಮಾಣದ ನಕ್ಷೆಗಳಲ್ಲಿ ಇದನ್ನು ನಾನು ಒಪ್ಪುವುದಿಲ್ಲ: ಅಲ್ಲಿ ಮರೆಯಾದ ಅಂಚಿಗೆ ತುಂಡುಗೆರೆಯೇ ಸರಿ, ಏಕೆಂದರೆ ಕಪ್ಪು-ಬಿಳುಪು ಪ್ರತಿಯಲ್ಲಿ ತಿಳಿಛಾಯೆ ಮಾಸಿಹೋದರೂ ಗೆರೆ ಉಳಿಯುತ್ತದೆ. ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಲೇಯರ್‌ಗೆ (ನಕ್ಷೆಯ ಪದರಕ್ಕೆ) 0ಯಿಂದ 90ರವರೆಗೆ ಪಾರದರ್ಶಕತೆ ಕೊಡಬಹುದಾದರೂ, ಮುದ್ರಿಸುವಾಗ ಅದಕ್ಕೆಂದೇ ಇರುವ ಪ್ಲಾಟ್ ಆಯ್ಕೆಯನ್ನು ಗುರುತಿಸದಿದ್ದರೆ ಆ ಬಣ್ಣಗಳು ಗಟ್ಟಿಯಾಗಿ ಮೂಡಿ ಕೆಳಗಿನ ಗೆರೆಗಳನ್ನು ಮುಚ್ಚಿಬಿಡಬಹುದು.