ದಿನಕ್ಕೆ 20 ಇಂಗ್ಲಿಷ್ ಪದಗಳ ಅರ್ಥ ಬಾಯಿಪಾಠ ಮಾಡುತ್ತೇನೆ, ಮಾತಾಡುವಾಗ ಒಂದೂ ನೆನಪಿಗೆ ಬರುವುದಿಲ್ಲ. ಏನು ಮಾಡಲಿ?

20 ಜಾಸ್ತಿಯಾಯಿತು, ಐದು ಸಾಕು.

ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪಿಯುಸಿಗೆ ಬಂದಾಗ ಹೆದರಿ, ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷ್ ಬಲಕ್ಕೆ ಕನ್ನಡ ಬರೆದುಕೊಂಡು ಉರು ಹೊಡೆದವನು. ಅದರಲ್ಲಿ 'ಬಾರೋ' ಅಂದರೆ ಸಾಲ, 'ಲೆಂಡ್' ಅಂದರೂ ಸಾಲ ಅಂತ ಇತ್ತು. ಮೊದಲ ಕೆಲಸಕ್ಕೆ ಸೇರಿದಾಗ ಪಕ್ಕದ ಟೇಬಲಿನವರನ್ನು 'ಕ್ಯಾನ್ ಯೂ ಬಾರೋ ಮೀ ಯುವರ್ ಪೆನ್' ಅಂದೆ. ಪೆನ್ ಕೊಟ್ಟರು. ಆಮೇಲೆ ಒಂದು ವಾರ ನನ್ನನ್ನು ಕರೆಯುವುದೇ 'ಬಾರೋ ಬಾರೋ' ಅಂತ!

ಬಾರೋ ಅಂದರೆ ನಾವು ಇಸ್ಕೊಳ್ಳುವುದು, ಲೆಂಡ್ ಅಂದರೆ ಅವರು ಕೊಡುವುದು. ಇಸ್ಕೊಳ್ಳುವುದು ಅನ್ನೋ ಮಾತು ಮನೆಯಲ್ಲಿ ದಿನಾ ಆಡುತ್ತಿದ್ದೆ, ಆದರೆ ನೋಟ್‌ಬುಕ್ಕಿಗೆ ಅದು ಬರಲೇ ಇಲ್ಲ, ಪುಸ್ತಕದ ಪದವೇ ಬೇಕು ಅಂತ ಸಾಲ ಬರೆದುಕೊಂಡಿದ್ದೆ.

ನಮ್ಮ 'ಹಾಕು' ನೋಡಿ. ಬೀಗ ಹಾಕುತ್ತೇವೆ, ಚಪ್ಪಲಿ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಸಾರಿಗೆ ಉಪ್ಪು ಹಾಕುತ್ತೇವೆ. ಇಂಗ್ಲಿಷಿನಲ್ಲಿ ಇದು ಲಾಕ್, ವೇರ್, ಡ್ರಾ, ಆ್ಯಡ್. 'ಪುಟ್ ಅಂದರೆ ಹಾಕು' ಅಂತ ಕಲಿತವರು ರಂಗೋಲಿಯನ್ನೂ ಪುಟ್ ಮಾಡುತ್ತಾರೆ. ಅದಕ್ಕೇ ಒಂಟಿ ಪದ ಬರೆಯಬೇಡಿ, ನೀವು ನಿಜವಾಗಿ ಆಡುವಂಥ ಪುಟ್ಟ ವಾಕ್ಯ ಬರೆಯಿರಿ.

ಹಾಗಂತ ಕನ್ನಡ ಅರ್ಥವೇ ಬೇಡ ಅನ್ನುವವರ ಮಾತೂ ಕೇಳಬೇಡಿ. ಕೊರಿಯಾಂಡರ್ ಅಂದರೆ ಕೊತ್ತಂಬರಿ, ಮುಗೀತು, ಅದಕ್ಕೆ ಇಂಗ್ಲಿಷಿನಲ್ಲಿ ಮೂರು ಸಾಲಿನ ವಿವರಣೆ ಓದಿ ತಲೆ ಕೆಡಿಸಿಕೊಳ್ಳುವುದು ಯಾಕೆ? ಕ್ರಿಯಾಪದಗಳಿಗೆ ಮಾತ್ರ ಲಾಂಗ್‌ಮನ್ ಥರದ ಕಲಿಯುವವರ ಡಿಕ್ಷನರಿ ನೋಡಿ. ಅದರಲ್ಲಿ ಅರ್ಥಗಳನ್ನೆಲ್ಲ ಸುಮಾರು 2000 ಸುಲಭ ಪದಗಳಲ್ಲೇ ಬರೆದಿರುತ್ತಾರೆ, ಜೊತೆಗೆ ಉದಾಹರಣೆ ವಾಕ್ಯವೂ ಇರುತ್ತದೆ. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನು ಮರೆವು. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಉರು ಹೊಡೆದು ಪರೀಕ್ಷೆ ಮಾಡಿಕೊಂಡು 1885ರಲ್ಲೇ ಬರೆದಿದ್ದಾರೆ: ಅರ್ಧಕ್ಕಿಂತ ಜಾಸ್ತಿ ಒಂದೇ ದಿನದಲ್ಲಿ ಹೋಗಿಬಿಡುತ್ತದೆ. ಸುಮ್ನೆ ಪಟ್ಟಿ ಓದಿದರೆ ನಮ್ಮದೂ ಅದೇ ಕಥೆ ಅಲ್ವಾ? ನಾನು ಇವತ್ತಿನ ಐದನ್ನು ನಾಳೆ, ಮೂರನೇ ದಿನ, ಆಮೇಲೆ ಮುಂದಿನ ವಾರ ತಿರುಗಿ ನೋಡುತ್ತಿದ್ದೆ. ವಾಕ್ಯದಲ್ಲಿ ಆ ಪದದ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಜೋರಾಗಿ ಹೇಳುವುದು. ಬಸ್ಸಿನಲ್ಲಿ ಪಕ್ಕದವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.