ಮೂಳೆ ಬಿಡಿ, ರಕ್ತದ ಕಥೆ ಏನು?

ಪ್ರಶ್ನೆ: ಮೂಳೆ ಮೆತ್ತಗಾದರೆ ಮಿಸ್ಟರ್ ಫೆಂಟಾಸ್ಟಿಕ್ ಥರ ಕೈ ಉದ್ದ ಮಾಡಬಹುದು ಅಲ್ವಾ ಡಾಕ್ಟ್ರೇ?

ಸಿನಿಮಾ ಬಂದಾಗಲೆಲ್ಲ ಇದೇ ಪ್ರಶ್ನೆ. ಎಲ್ಲರೂ ಮೂಳೆಗೇ ಗಂಟು ಬೀಳುತ್ತಾರೆ. ಈ ಮಿಸ್ಟರ್ ಫೆಂಟಾಸ್ಟಿಕ್, ಅಂದರೆ ಕಾಮಿಕ್ಸ್‌ನ ರೀಡ್ ರಿಚರ್ಡ್ಸ್, 1961ರಿಂದ ಕೈ ಚಾಚುತ್ತಲೇ ಇದ್ದಾನೆ, ಅವನ ಬೆರಳಿಗೆ ರಕ್ತ ಹೇಗೆ ಹೋಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ.

ಒಂದು ರಬ್ಬರ್ ಬ್ಯಾಂಡ್ ಎಳೆಯಿರಿ. ಉದ್ದವಾದಷ್ಟೂ ಸಣಕಲಾಗುತ್ತದೆ. ಕೈಯೂ ಅಷ್ಟೇ, ಇದ್ದ ಮಾಂಸವೇ ಉದ್ದಕ್ಕೂ ಹಂಚಿಹೋಗಬೇಕು. ಹತ್ತು ಪಟ್ಟು ಉದ್ದವಾದರೆ ದಪ್ಪ ಹೆಚ್ಚುಕಮ್ಮಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಒಳಗಿನ ರಕ್ತನಾಳವೂ ಅದೇ ಲೆಕ್ಕದಲ್ಲಿ ಸಣ್ಣಗಾಗುತ್ತದೆ. ನಾಳದ ಅಗಲ ಅರ್ಧಕ್ಕೆ ಇಳಿದರೆ ರಕ್ತ ಹರಿಯಲು ಅಡ್ಡಿ ಎರಡಲ್ಲ, ಹದಿನಾರು ಪಟ್ಟು ಏರುತ್ತದೆ. ಫ್ರಾನ್ಸಿನ ವೈದ್ಯ ಪ್ವಾಸೇಯ್ 19ನೇ ಶತಮಾನದಲ್ಲೇ ಸಣ್ಣ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಇದನ್ನು ಅಳೆದಿದ್ದ. ನಮ್ಮ ಹೀರೊ ಕೈಯಲ್ಲಿ ಸಣ್ಣಗಾಗಿದ್ದಕ್ಕೆ ನೂರು ಪಟ್ಟು, ಉದ್ದವಾಗಿದ್ದಕ್ಕೆ ಹತ್ತು ಪಟ್ಟು, ಒಟ್ಟು ಸಾವಿರ ಪಟ್ಟು ಅಡ್ಡಿ. ಹೃದಯ ಮಾತ್ರ ಅದೇ ಹಳೇ ಪಂಪು. ಹಾಗೇ ಚಾಚಿಕೊಂಡು ಕೂತರೆ ಬೆರಳು ಕಪ್ಪಾಗುತ್ತದೆ.

ಇನ್ನು ನರ. ಕೈಯ ನರದಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. 100 ಮೀಟರ್ ಕೈ ಅಂದರೆ, ಕಳ್ಳನ ಕಾಲರ್ ಸಿಕ್ಕಿತು ಅಂತ ತಲೆಗೆ ಗೊತ್ತಾಗಲು 2 ಸೆಕೆಂಡು, 'ಹಿಡಿ' ಅನ್ನಲು ಇನ್ನೆರಡು. ಅಷ್ಟರಲ್ಲಿ ಅವನು ಬಸ್ ಹತ್ತಿರುತ್ತಾನೆ.

ನನಗೆ ಜ್ಯಾಕ್ ಕೋಲ್ ಬರೆದ 1941ರ ಕಾಮಿಕ್ಸ್ ಹೀರೊ ಪ್ಲಾಸ್ಟಿಕ್ ಮ್ಯಾನ್ ಜಾಸ್ತಿ ಇಷ್ಟ. ಹೆಸರಾದರೂ ಸರಿಯಾಗಿದೆ: ಎಳೆದು ಬಿಟ್ಟರೆ ವಾಪಸ್ ಬರುವುದು ಎಲಾಸ್ಟಿಕ್, ಒತ್ತಿದ ಆಕಾರದಲ್ಲೇ ಉಳಿಯುವುದು ಪ್ಲಾಸ್ಟಿಕ್. ಅವನು ಕುರ್ಚಿಯಾದರೆ ಕುರ್ಚಿಯಾಗಿಯೇ ಇರುತ್ತಾನೆ.

ಪ್ರಶ್ನೆ: ಮಗಳ ಹೆಬ್ಬೆರಳು ಬಾಗಿ ಮುಂಗೈಗೇ ತಾಗುತ್ತದೆ, ಚರ್ಮವೂ ಎಳೆದರೆ ಬರುತ್ತದೆ. ನೆಂಟರೆಲ್ಲ 'ಸೂಪರ್ ಗರ್ಲ್' ಅಂತಾರೆ. ಯೋಗ ಕಾಂಪಿಟಿಷನ್‌ಗೆ ಸೇರಿಸಲಾ?

ಮೊದಲು ಡಾಕ್ಟರಿಗೆ ತೋರಿಸಿ. ಎಷ್ಟೋ ಮಕ್ಕಳ ಕೀಲು ಸುಮ್ನೆ ಸಡಿಲ ಇರುತ್ತದೆ, ತೊಂದರೆ ಇಲ್ಲ. ಚರ್ಮವೂ ಎಳೆದರೆ ಬರುತ್ತದೆ ಅಂದಾಗ ನಾನು ಎಹ್ಲರ್ಸ್-ಡಾನ್ಲೋಸ್ ಅನ್ನುವ ಕಾಯಿಲೆ ಇದೆಯಾ ಅಂತ ನೋಡುತ್ತೇನೆ. ಅದು ಶಕ್ತಿಯಲ್ಲ, ಮೈಯನ್ನು ಹಿಡಿದಿಡುವ ಕೊಲಾಜೆನ್‌ನಲ್ಲೇ ಇರುವ ದೋಷ. ಕೀಲು ಪದೇಪದೇ ತಪ್ಪುತ್ತದೆ, ಗಾಯ ಬೇಗ ಮಾಯುವುದಿಲ್ಲ. ನೆಂಟರ ಮುಂದೆ ಬೆರಳು ಬಾಗಿಸಿ ತೋರಿಸುವುದನ್ನು ಇವತ್ತೇ ನಿಲ್ಲಿಸಿ. ನಾನು ಸ್ವಲ್ಪ ಪುಕ್ಕಲ ಡಾಕ್ಟರ್, ಹಾಗೇ ಅಂದುಕೊಳ್ಳಿ.

ಪ್ರಶ್ನೆ: ನನಗೆ 24. ಮೂಳೆ ಎಳೆದು ಎತ್ತರ ಮಾಡುವ ಎಣ್ಣೆ ತರಿಸಿದ್ದೇನೆ. ದಿನಕ್ಕೆ ಎಷ್ಟು ಸಲ ಹಚ್ಚಬೇಕು?

ಬಾಟಲಿ ತೆರೆದಿಲ್ಲ ತಾನೇ? ದುಡ್ಡು ವಾಪಸ್ ಕೇಳಿ.